ಬೊಮ್ಮಪ್ಪನ ಹಾದಿ

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಅಂಗಡಿಯವರೆಲ್ಲ ಗಂಗಾಂಬಿಕಾಗೆ, ಅಂದರೆ ನನಗೆ, ಮೂಗಿನ ತುದಿಯಲ್ಲೇ ಸಿಟ್ಟು ಅನ್ನುತ್ತಾರೆ. ಹೌದು, ಏನೀಗ? 2009ರಲ್ಲಿ ನನ್ನ ಕಂಪ್ಯೂಟರ್ ಸೆಂಟರಿನಲ್ಲಿ ನಡೆದದ್ದನ್ನು ಕೇಳಿದ ಮೇಲೆ ನಿಮಗೂ ಬರದಿದ್ದರೆ ಆಮೇಲೆ ಮಾತಾಡೋಣ.

ಅವತ್ತು ಶನಿವಾರ. ನಮ್ಮ ತಾಲ್ಲೂಕಿನ ಅರಸೀಕೆರೆ ಕಡೆಯ ಕುರಿಗಾರ ಯರ್ರಿಸ್ವಾಮಿ ಅಜ್ಜ ಬಂದು, ರುಮಾಲಿನ ಮಡಿಕೆಯಿಂದ ಒಂದು ಚೀಟಿ ತೆಗೆದುಕೊಟ್ಟ. ಅದರಲ್ಲಿ ಇಂಟರ್‌ನೆಟ್ ವಿಳಾಸವೊಂದಿತ್ತು.

"ಇದರಾಗ ನಮ್ಮಣ್ಣ ಬರದ ಹಾದಿ ಐತಂತ್ರಿ ಅಕ್ಕಾರ. ಕಾಗದದ ಮ್ಯಾಲೆ ತಗದು ಕೊಡ್ರಿ."

ಅವನ ಅಣ್ಣ ಬೊಮ್ಮಪ್ಪ ಹೋದ ತಿಂಗಳು ತೀರಿಕೊಂಡಿದ್ದ. ಹರಪನಹಳ್ಳಿಯಿಂದ ಹಂಪಸಾಗರದ ಹೊಳೆದಂಡೆಯವರೆಗೆ ಕುರಿ ಹೊಡೆದುಕೊಂಡು ಹೋಗುವ ಹಾದಿ, ಅದರಲ್ಲಿನ ಬಾವಿ, ಮಂದೆ ಇಳಿಯುವ ಜಾಗ, ಎಲ್ಲ ಅವನಿಗೆ ಗೊತ್ತಿತ್ತು. ಯರ್ರಿಸ್ವಾಮಿಯ ಮಂದೆ ಯಾವಾಗಲೂ ಕೂಡ್ಲಿಗಿ ಕಡೆಗೇ, ಹಾಗಾಗಿ ಹೊಳೆಯ ಹಾದಿ ಅವನಿಗೆ ಗೊತ್ತಿರಲಿಲ್ಲ. ಈಗ ಯಾವುದೋ ಕಂಪನಿ ಆ ಹೊಳೆಯ ಹಾದಿಗೆ ಅಡ್ಡ ಬೇಲಿ ಹಾಕಲು ಹೊರಟಿತ್ತು. ಆಕ್ಷೇಪಣೆ ಇದ್ದವರು ನಕ್ಷೆ ಸಮೇತ ಸೋಮವಾರದೊಳಗೆ ತಾಲ್ಲೂಕು ಕಚೇರಿಗೆ ಕೊಡಬೇಕಿತ್ತು. ಕೊಡದಿದ್ದರೆ ನಲವತ್ತು ಮನೆಯ ಕುರಿಗೆ ಬೇಸಿಗೆಯಲ್ಲಿ ನೀರಿಲ್ಲ.

ವರ್ಷದ ಹಿಂದೆ ಬೆಂಗಳೂರಿನ ಒಂದು ಸಂಸ್ಥೆಯವರು ಬಂದು, ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಪೆನ್ನು ಕೊಟ್ಟು ಬೊಮ್ಮಪ್ಪನಿಂದ ಈ ಹಾದಿ ಬರೆಸಿದ್ದರಂತೆ. ಇಲ್ಲಿ ಎಳೆದ ಗೆರೆ ಅದೇ ಹೊತ್ತಿಗೆ ಬೆಂಗಳೂರಲ್ಲಿ ಕಾಣುವಂಥ ಬೋರ್ಡು. ಬರೆದಾದ ಮೇಲೆ, ಇದರ ಮಾಲೀಕರು ಅಂತ ಯಾರ ಹೆಸರು ಹಾಕಲಿ ಎಂದು ಕೇಳಿದರಂತೆ. ಕುಲದೇವರು ಬೀರಲಿಂಗೇಶ್ವರ ತೋರಿಸಿದ ಹಾದಿಗೆ ತನ್ನ ಹೆಸರು ಹಾಕಿಸಿಕೊಳ್ಳುವ ಕುರಿಗಾರ ಇವರಲ್ಲಿ ಯಾರೂ ಇಲ್ಲ. ಬೊಮ್ಮಪ್ಪ ಕೈಮುಗಿದು ಬೇಡ ಅಂದ. ಸಂಸ್ಥೆಯವರು ತಮ್ಮ ಹೆಸರು ಹಾಕಿಕೊಂಡು, ಕುರಿಗಾರರನ್ನು ಅತಿಥಿಗಳ ಪಟ್ಟಿಗೆ ಸೇರಿಸಿದರು.

ವಿಳಾಸ ಒತ್ತಿದೆ. ಹಾದಿ ಬಂತು. ಬೊಮ್ಮಪ್ಪನಿಗೆ ಪೆನ್ನು ಹಿಡಿದು ರೂಢಿ ಇರಲಿಲ್ಲವೇನೋ, ಗೆರೆ ಸೊಟ್ಟಸೊಟ್ಟ. ಅಜ್ಜ ಪರದೆಯ ಮೇಲೆ ಬೆರಳಿಟ್ಟು, ಇದು ಮೂರು ಬೇವಿನ ಬಾವಿ ಇರಬೇಕು, ನಮ್ಮಣ್ಣ ಹೇಳ್ತಿದ್ದ ಅಂದ. ನಾನು ಡೌನ್‌ಲೋಡ್ ಒತ್ತಿದೆ. ಅತಿಥಿಗಳಿಗೆ ನೋಡಲು ಮಾತ್ರ ಅವಕಾಶ ಎಂಬ ಒಕ್ಕಣೆ ಬಂತು. ಪ್ರಿಂಟ್ ಕೊಟ್ಟೆ, ಕಪ್ಪು ಹಾಳೆ ಬಂತು. ಪರದೆಯ ಚಿತ್ರ ತೆಗೆಯುವ ಗುಂಡಿ ಒತ್ತಿದರೂ ಅದೇ ಕಪ್ಪು. ನನ್ನ ಫೋನಿಗೆ ಕ್ಯಾಮೆರಾ ಇರಲಿಲ್ಲ.

ಸಂಸ್ಥೆಗೆ ಫೋನ್ ಹಚ್ಚಿದೆ. ಒಬ್ಬ ಮಹಾನುಭಾವ ಬಹಳ ನಯವಾಗಿ ಮಾತಾಡಿದ. ವರದಿ ಅಚ್ಚಾಗುವವರೆಗೆ ಪ್ರತಿ ಹೊರಗೆ ಬಿಡುವ ಹಾಗಿಲ್ಲವಂತೆ, ಅನುಮತಿ ಕೊಡುವ ಮೇಡಂ ರಜೆಯಲ್ಲಿದ್ದಾರಂತೆ, ಬೇಕಾದರೆ ಅಜ್ಜನ ಕಡೆಯವರು ಎಷ್ಟು ಸಲವಾದರೂ ನೋಡಬಹುದಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಬರದಾತ ಸತ್ತಾನ್ರಿ. ಅವನ ಒಡಹುಟ್ಟಿದ ತಮ್ಮ ನನ್ನ ಮುಂದ ಕುಂತಾನ. ಇವರು ಅತಿಥಿ, ನೀವು ಮನಿಯವರಾ? ನಾಚ್ಕಿ ಆಗಲ್ಲೇನ್ರಿ?"

ನಿಯಮ ಅಂದ. ಫೋನ್ ಇಟ್ಟೆ.

ಅಜ್ಜ ಎದ್ದು ನಿಂತ. ಇರಲಿ ಬಿಡ್ರಿ ಅಕ್ಕಾರ, ದೊಡ್ಡೋರು ಅನ್ನುತ್ತ ರುಮಾಲು ಸರಿಮಾಡಿಕೊಂಡ. ಆ 'ಇರಲಿ ಬಿಡ್ರಿ' ಇತ್ತಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು ನನಗೆ. ಕೂತ್ಕೊ ಅಂತ ಗದರಿದೆ.

ರವಿಕೆಗೆ ಕಸೂತಿ ಹಾಕುವುದು ನನ್ನ ಇನ್ನೊಂದು ಕೆಲಸ. ಡಿಸೈನ್ ಇಳಿಸುವ ಬಟರ್ ಪೇಪರ್ ಮೇಜಿನ ಖಾನೆಯಲ್ಲೇ ಇತ್ತು. ನೋಡಲು ಅವಕಾಶ ಇದೆಯಲ್ಲ, ನೋಡೇಬಿಡೋಣ! ಕಾಗದವನ್ನು ಪರದೆಗೆ ಅಂಟಿಸಿ, ಕೆಳಗಿನಿಂದ ಹೊಳೆಯುವ ಗೆರೆ, ಬಾವಿಯ ಗುರುತುಗಳ ಮೇಲೆ ಪೆನ್ಸಿಲ್ ಓಡಿಸಿದೆ. ಹಾದಿ ಉದ್ದ, ಪರದೆ ಗಿಡ್ಡ. ಒಂದು ತುಂಡು ಇಳಿಸುವುದು, ಚಿತ್ರ ಸರಿಸುವುದು, ಮತ್ತೊಂದು ಹಾಳೆ ಅಂಟಿಸುವುದು. ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋಗುತ್ತದೆಂದು ಗೊತ್ತಿತ್ತು. ಗಿರಾಕಿಗಳನ್ನೆಲ್ಲ ಆಚೆ ಕಳಿಸಿದೆ. ಅಜ್ಜ ಕಾಗದದ ಅಂಚು ಒತ್ತಿಕೊಂಡಿದ್ದ. ಏಳನೇ ಹಾಳೆಯಲ್ಲಿ ಹಂಪಸಾಗರದ ಹೊಳೆ ಮುಟ್ಟಿದಾಗ ಎರಡಕ್ಕೆ ಐದು ನಿಮಿಷ ಇತ್ತು.

ಸೋಮವಾರ ಕಚೇರಿಗೆ ನಾನೂ ಹೋದೆ. ಇವನನ್ನೊಬ್ಬನನ್ನೇ ಕಳಿಸಿದರೆ ಅಲ್ಲೂ 'ಇರಲಿ ಬಿಡ್ರಿ' ಅಂದು ಬರುತ್ತಾನೆಂದು ನನಗೆ ಗ್ಯಾರಂಟಿ. ಗುಮಾಸ್ತ ಹಾಳೆ ಬಿಡಿಸಿ, ಬಾವಿಗಳನ್ನೆಲ್ಲ ಎಣಿಸಿ, ಬರೆದವರ ಹೆಸರಿಲ್ಲದೆ ತೆಗೆದುಕೊಳ್ಳಲು ಬರುವುದಿಲ್ಲ ಅಂದ. ನಾನು ಪೆನ್ನು ತೆಗೆದು ಅಜ್ಜನ ಮುಖ ನೋಡಿದೆ. ಬೇಡ ಅನ್ನುತ್ತಾನೆ ಅಂತಲೇ ಅಂದುಕೊಂಡೆ. ಅವನು ಆ ಸೊಟ್ಟ ಗೆರೆಯ ಮೇಲೆ ಬೆರಳಿಟ್ಟ.

"ಅವತ್ತು ನಮ್ಮಣ್ಣ ಹೆಸರು ಬ್ಯಾಡ ಅಂದಿದ್ದಕ್ಕ, ನಮ್ಮೋರು ನಡದ ಹಾದೀನ ನಾವು ಮಂದೀನ ಕೇಳಿ ನೋಡೋ ಹಂಗಾತ್ರಿ. ಬರೀರಿ ಅಕ್ಕಾರ, ಬೊಮ್ಮಪ್ಪ ಅಂತ. ದೇವ್ರಿಗೆ ನಾನು ಹೇಳ್ಕೊಂತೀನಿ."

ಬರೆದೆ, ದಪ್ಪ ಅಕ್ಷರದಲ್ಲಿ. ಗುಮಾಸ್ತ ಮೊಹರು ಒತ್ತಿದ. ಮೊಹರು ಒತ್ತಿದ್ದರ ಒಂದು ಪ್ರತಿ ಕೊಡು ಅಂತ ಜೋರುಮಾಡಿದೆ. ಅವನು ಕೊಟ್ಟ. ಅಜ್ಜ ಅದನ್ನು ಮಡಚಿ, ಆ ಚೀಟಿ ಇಟ್ಟಿದ್ದ ರುಮಾಲಿನ ಮಡಿಕೆಯಲ್ಲೇ ಇಟ್ಟುಕೊಂಡ.