ಒರಿಜಿನಲ್ಸ್ ಇರುವ ಬೀರು

"ಒರಿಜಿನಲ್ಸ್ ಈಗ ಬರಲ್ಲಮ್ಮ. ಅಡ್ಮಿಷನ್ ಎಲ್ಲಾ ಮುಗೀಲಿ, ಆಮೇಲೆ ನೋಡೋಣ" ಎಂದು ಸೇತುರಾಮ ಮೂರನೆಯ ಸಲ ಹೇಳುತ್ತಿದ್ದಾಗ ಮೇಜಿನ ಮೇಲಿದ್ದ ಅವನ ಫೋನು ಗುರುಗುಟ್ಟಿತು.

ಕಿಟಕಿಯ ಆಚೆ ನಿಂತಿದ್ದವಳು ಚಿಕ್ಕಜಾಲದ ಮುನಿಶಾಮಮ್ಮ. ಮಗನಿಗೆ ಬೇರೆ ಕಡೆ ಸೀಟು ಸಿಕ್ಕಿದೆ, ಅವನ ಟಿಸಿ, ಮಾರ್ಕ್ಸ್ ಕಾರ್ಡು ವಾಪಸ್ ಕೊಡಿ ಎಂದು ಈ ವಾರದಲ್ಲಿ ಎರಡನೆಯ ಸಲ ಬಂದಿದ್ದಳು.

"ಎಷ್ಟ್ ದಪ ಅಂತ ಬರ್ಲಿ ಸಾ? ಆ ಕಾಲೇಜ್ನೋರು ಬೇಗ ತಂದ್ಕೊಡಿ ಅಂತಾವ್ರೆ. ನಮ್ ಉಡ್ಗನ್ ಕಾಗ್ದ ನಮ್ಗೆ ಕೊಡಾಕೆ ಇಂಗ್ ಆಡ್ತೀರಲ್ಲ."

"ನಿಮ್ಮ ಹುಡುಗನ ಒಳ್ಳೇದಕ್ಕೇ ಹೇಳ್ತಿರೋದು. ಸೋಮವಾರ ಬನ್ನಿ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಗೊಣಗುತ್ತಾ ಹೋದಳು.

ಸೋಲದೇವನಹಳ್ಳಿಯಿಂದ ಸ್ವಲ್ಪ ಆಚೆಗಿರುವ ಈ ಖಾಸಗಿ ವಿಶ್ವವಿದ್ಯಾಲಯದ ಅಡ್ಮಿಷನ್ ವಿಭಾಗದಲ್ಲಿ ಸೇತುರಾಮನದು ಇಪ್ಪತ್ತೆರಡು ವರ್ಷದ ಸೇವೆ. ಇದು ಬರೀ ಕಾಲೇಜಾಗಿದ್ದಾಗ ಸೇರಿದವನು. ಬೋರ್ಡು ಬದಲಾಯಿತು, ಗೇಟು ಬದಲಾಯಿತು, ಅವನ ಕೆಲಸ ಮಾತ್ರ ಬದಲಾಗಲಿಲ್ಲ. ಸೇರಿದ ಮಕ್ಕಳ ಮೂಲ ದಾಖಲೆಗಳನ್ನು ಕಂದು ಲಕೋಟೆಗೆ ಹಾಕಿ, ನಂಬರು ಬರೆದು, ಬೆನ್ನ ಹಿಂದಿನ ಹಸಿರು ಬೀರುವಿನಲ್ಲಿಟ್ಟು ಬೀಗ ಹಾಕುವುದು. ಕೇಳಿಕೊಂಡು ಬಂದವರಿಗೆ ಕೊಡದಿರುವುದು. ಕಾಗದ ಇಲ್ಲಿದ್ದರೆ ಹುಡುಗರೂ ಇಲ್ಲೇ ಇರುತ್ತಾರೆ ಎಂಬುದು ಆಡಳಿತಾಧಿಕಾರಿ ವೇಣುಗೋಪಾಲರ ನಂಬಿಕೆ. ಹೀಗೆ ಇಟ್ಟುಕೊಳ್ಳಬಾರದೆಂದು ಮೇಲಿನಿಂದ ಒಂದು ಸುತ್ತೋಲೆಯೂ ಬಂದಿತ್ತು. ಸೇತುರಾಮ ಅದನ್ನು ಎರಡು ಸಲ ಓದಿ, ಪಂಚ್ ಮಾಡಿ, ಅದೇ ಬೀರುವಿನ ಮೇಲಿನ ಅರೆಯಲ್ಲಿ ಭದ್ರವಾಗಿ ಇಟ್ಟಿದ್ದ. ಕೆಟ್ಟವನೇನಲ್ಲ. ಹೇಳಿದ ಕೆಲಸ ಮಾಡುವವನು, ಅಷ್ಟೆ.

ಕಿಟಕಿ ಖಾಲಿಯಾದ ಮೇಲೆ ಅವನು ಫೋನು ನೋಡಿದ. ಇ-ಮೇಲು ಬಂದಿತ್ತು. ಚೆನ್ನೈ ಪಕ್ಕದ ಆ ಗಣಿತದ ವಿಶ್ವವಿದ್ಯಾಲಯದ್ದು. ಮಗಳು ಪ್ರಿಯಂವದಾ, ಬಿ.ಎಸ್ಸಿ. ಗಣಿತ, ವೇಟಿಂಗ್ ಲಿಸ್ಟಿನಲ್ಲಿ ಏಳನೆಯ ನಂಬರು; ಈಗ ಸೀಟು ಸಿಕ್ಕಿದೆ. ಇವತ್ತು ಸಂಜೆ ಐದರೊಳಗೆ ಕೆಳಗಿನ ಲಿಂಕ್ ಒತ್ತಿ ಒಪ್ಪಿಗೆ ಕೊಡಬೇಕು, ಗುರುವಾರ ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕು. ಇಲ್ಲವಾದರೆ ಸೀಟು ಮುಂದಿನವರಿಗೆ ಹೋಗುತ್ತದೆ.

ಅವನು ಫೋನನ್ನು ಬೋರಲು ಹಾಕಿದ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹತ್ತು.

ಮಕ್ಕಳು ಮೇಲ್ ನೋಡುವುದಿಲ್ಲ, ನಿಮ್ಮದೇ ಕೊಡಿ ಎಂದು ಬಂದ ಅಪ್ಪಂದಿರಿಗೆಲ್ಲ ಬುದ್ಧಿ ಹೇಳುವವನು ಮಗಳ ಅರ್ಜಿಯಲ್ಲಿ ಬೇರೆ ವಿಳಾಸ ತುಂಬುತ್ತಾನೆಯೇ? ತನ್ನದನ್ನೇ ತುಂಬಿದ್ದ. ಮೇ ತಿಂಗಳಲ್ಲಿ ಯಶವಂತಪುರದ ಸೆಂಟರಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಪರೀಕ್ಷೆ ಬರೆಸಿಕೊಂಡು ಬಂದವನೂ ಅವನೇ. ಏಳನೆಯ ನಂಬರು ಎಂದು ಗೊತ್ತಾದ ದಿನ ಅವನಿಗೆ ಬೇಸರವಾಗಬೇಕಿತ್ತು. ಆದದ್ದು ಸಮಾಧಾನ. ಮಾರನೆಯ ವಾರವೇ ಮಗಳನ್ನು ಇಲ್ಲಿಗೆ ಸೇರಿಸಿಬಿಟ್ಟ. ಸಿಬ್ಬಂದಿಯ ಮಕ್ಕಳಿಗೆ ಫೀಸಿಲ್ಲ, ಸಬ್ಜೆಕ್ಟೂ ಅದೇ ಗಣಿತ, ಇನ್ನೇನು ಬೇಕು ಎಂದಿದ್ದ. ಅವಳೂ "ಆಯ್ತಪ್ಪ" ಎಂದಿದ್ದಳು. ಅವಳ ಲಕೋಟೆ ನಾನೂರ ಮೂರನೆಯ ನಂಬರಾಗಿ ಬೀರುವಿನೊಳಗೆ ಕೂತಿತ್ತು.

ಅಂದರೆ ಇ-ಮೇಲೂ ಅವನ ಹತ್ತಿರ, ಕಾಗದವೂ ಅವನ ಹತ್ತಿರ. ಐದು ಗಂಟೆಯಾದರೆ ಎಲ್ಲಾ ಮುಗಿಯುತ್ತದೆ. ತಾನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಇದು ಇಷ್ಟು ಸುಲಭವಾಗಿದೆಯಲ್ಲ ಎಂದು ಅವನಿಗೇ ಹೆದರಿಕೆಯಾಯಿತು.

ಹೆದರಿಕೆ ಒಂದೇ ಆಗಿರಲಿಲ್ಲ. ಯಲಹಂಕ ಉಪನಗರದಿಂದ ಎಂಟೂ ಹತ್ತಕ್ಕೆ ಹೊರಡುವ ಕಾಲೇಜು ಬಸ್ಸಿನಲ್ಲಿ ಮಗಳು ತನ್ನ ಪಕ್ಕ ಕೂತು ಬರುವುದನ್ನು ಅವನು ಒಂದು ತಿಂಗಳಿಂದ ನೆನೆಸಿಕೊಂಡು ಖುಷಿಪಡುತ್ತಿದ್ದ. ಅವಳು ಹತ್ತನೇ ಕ್ಲಾಸು ಮುಗಿಸುವವರೆಗೆ ಲೆಕ್ಕ ಹೇಳಿಕೊಟ್ಟದ್ದು ಅವನು. ಆಮೇಲೆ ಅವಳು ಹೇಳಿದ್ದು ಅವನಿಗೆ ತಿಳಿಯದಾಯಿತು. ತಿಳಿದವನ ಹಾಗೆ ತಲೆಯಾಡಿಸುತ್ತಿದ್ದ. ಇಲ್ಲಿ ಅವಳೇ ಮೊದಲನೆಯವಳು. ಅಲ್ಲಿಗೆ ದೇಶದ ಮೂಲೆಮೂಲೆಯಿಂದ ಬುದ್ಧಿವಂತರು ಬರುತ್ತಾರೆ, ಅವರ ನಡುವೆ ಎಷ್ಟನೆಯವಳೋ. ಫೇಲಾಗಿ, ಮುಖ ಸಣ್ಣದು ಮಾಡಿಕೊಂಡು, ಸೂಟ್‌ಕೇಸು ಹಿಡಿದು ವಾಪಸ್ ಬಂದರೆ? ಸೇತುರಾಮನ ಕಲ್ಪನೆ ಇಂಥದ್ದರಲ್ಲಿ ಮಾತ್ರ ಬಹಳ ಚುರುಕು.

ಹನ್ನೆರಡೂವರೆಗೆ ಹೆಂಡತಿ ಪಂಕಜಾ ಫೋನು ಮಾಡಿದಳು.

"ರೀ, ಇವಳಿಗೆ ಏನಾಗಿದೇರೀ? ಬೆಳಗ್ಗೆಯಿಂದ ಫೋನ್ ಕೈಲಿ ಹಿಡ್ಕೊಂಡು ಬಾಲ್ಕನೀಲಿ ಕೂತಿದಾಳೆ. ದೋಸೇನೂ ಅರ್ಧಕ್ಕೆ ಬಿಟ್ಲು. ಕೇಳಿದ್ರೆ ಏನಿಲ್ಲ ಅಂತಾಳೆ. ನಿಮಗೇನಾದ್ರೂ ಗೊತ್ತಾ?"

"ನಂಗೇನ್ ಗೊತ್ತು?" ಎಂದ ಸೇತುರಾಮ. "ಫ್ರೆಂಡ್ಸ್ ಏನಾದ್ರೂ ಅಂದಿರ್ಬೇಕು. ಸರಿ ಹೋಗ್ತಾಳೆ ಬಿಡು."

ಸುಳ್ಳು ಸಲೀಸಾಗಿ ಬಂತು. ಇಪ್ಪತ್ತೆರಡು ವರ್ಷದ ರೂಢಿ. ಆದರೆ ಫೋನು ಇಟ್ಟ ಮೇಲೆ ಡಬ್ಬಿ ಬಿಚ್ಚಲು ಮನಸ್ಸಾಗಲಿಲ್ಲ. ತಾನು ಮಾಡುತ್ತಿರುವುದರಲ್ಲಿ ತಪ್ಪಿಲ್ಲ ಎಂದು ಯಾರಾದರೂ ಹೇಳಿದರೆ ಸಾಕಾಗಿತ್ತು. ಕಿಟಕಿಗೆ "ಊಟದ ಸಮಯ" ಎಂಬ ಬೋರ್ಡು ನೇತುಹಾಕಿ, ಮೂರನೆಯ ಮಹಡಿಯ ಗಣಿತ ವಿಭಾಗಕ್ಕೆ ಹತ್ತಿ ಹೋದ.

ವಿಭಾಗವೆಂದರೆ ಒಂದು ಕೋಣೆ. ಅದರ ಅರ್ಧವನ್ನು ಆಟದ ವಿಭಾಗದವರು ಕೇರಂ ಬೋರ್ಡು, ವಾಲಿಬಾಲ್ ನೆಟ್ಟು ಇಡಲು ತೆಗೆದುಕೊಂಡಿದ್ದರು. ಉಳಿದರ್ಧದಲ್ಲಿ ಲೆಕ್ಚರರ್ ಆನಂದಪ್ಪ ಚಿತ್ರಾನ್ನ ತಿನ್ನುತ್ತಾ ಕೂತಿದ್ದರು.

"ಓ, ಬನ್ನಿ ಸೇತು, ಏನ್ ಸಮಾಚಾರ? ನೀವು ಮೇಲಕ್ಕೆ ಹತ್ತೋರೇ ಅಲ್ವಲ್ಲ."

"ಸುಮ್ನೆ ಬಂದೆ ಸರ್. ಈ ಸಲ ಮ್ಯಾಥ್ಸ್ ಬ್ಯಾಚ್ ಹೆಂಗಿದೆ?"

"ಅಡ್ಮಿಷನ್ ಮಾಡೋರು ನೀವು, ನನ್ನ ಕೇಳ್ತೀರಲ್ರೀ! ಒಂಬತ್ತು ಜನ. ದೀಪಾವಳಿ ಹೊತ್ತಿಗೆ ಐದು ಜನ ಬಿಸಿಎಗೆ ಹಾರ್ತಾರೆ. ನಂದಿತಾ ಮೇಡಂ ಜೂನ್‌ನಲ್ಲೇ ಬಿಟ್ಟೋದ್ರು. ಇರೋನು ನಾನೊಬ್ಬ, ಎಂಜಿನಿಯರಿಂಗ್ ಹುಡುಗರಿಗೂ ನಾನೇ."

ಸೇತುರಾಮನಿಗೆ ಇದು ಗೊತ್ತಿಲ್ಲದ್ದೇನಲ್ಲ. ಕೇಳಿದ ತಂದೆತಾಯಿಗಳಿಗೆಲ್ಲ "ಮ್ಯಾಥ್ಸ್‌ಗೆ ನಮ್ಮಲ್ಲಿ ಒಳ್ಳೇ ಫ್ಯಾಕಲ್ಟಿ ಇದೆ" ಎಂದು ಹೇಳುವವನು ಅವನೇ. ಬೇರೆಯವರ ಮಕ್ಕಳ ವಿಷಯದಲ್ಲಿ ಹೇಳುವಾಗ ಅದು ಸುಳ್ಳೆಂದು ಅನ್ನಿಸುತ್ತಿರಲಿಲ್ಲ.

"ನಿಮ್ಮ ಮಗಳು ಸೇರಿದ್ದು ಖುಷಿ," ಎಂದರು ಆನಂದಪ್ಪ, ಕೈ ತೊಳೆದುಕೊಳ್ಳುತ್ತಾ. "ಆದ್ರೆ ಒಂದ್ ಮಾತು, ಬೇಜಾರ್ ಮಾಡ್ಕೋಬೇಡಿ. ಅಡ್ಮಿಷನ್ ದಿನ ಇಲ್ಲಿಗೆ ಬಂದಿದ್ಲು. ಎರಡರ ವರ್ಗಮೂಲಾನ ಭಿನ್ನರಾಶಿಯಾಗಿ ಬರೆಯಕ್ಕಾಗಲ್ಲ ಅಂತ ತೋರ್ಸೋಕೆ ಪುಸ್ತಕದಲ್ಲಿರೋದು ಬಿಟ್ಟು ಇನ್ನೆಷ್ಟು ದಾರಿ ಇದೆ ಸರ್ ಅಂದ್ಲು. ಒಂದು ಹೇಳ್ದೆ. ಅದು ಗೊತ್ತು ಅಂದ್ಲು. ಇನ್ನೊಂದು ಹುಡುಕೋಕೆ ನಂಗೆ ಎರಡು ದಿನ ಹಿಡೀತು ಕಣ್ರೀ. ಅವಳಿಗೆ ಮೂರು ವರ್ಷ ನಾನು ಏನ್ ಹೇಳ್ಕೊಡ್ಲಿ?"

ಆನಂದಪ್ಪ ನಕ್ಕರು. ಆ ನಗುವಿನಲ್ಲಿ ಸಂಕೋಚವೇ ಹೆಚ್ಚಿತ್ತು. ಸೇತುರಾಮನೂ ನಗಲು ನೋಡಿದ, ಆಗಲಿಲ್ಲ.

ಕೆಳಗೆ ಬಂದಾಗ ಎರಡು ಗಂಟೆ. ಈಗಲೇ ಮಗಳಿಗೆ ಹೇಳಿಬಿಡಬೇಕು ಎಂದು ಫೋನು ತೆಗೆದ. ಊಟ ಮಾಡುತ್ತಿರುತ್ತಾಳೆ, ಮುಗಿಸಲಿ ಎಂದುಕೊಂಡ. ಎರಡೂವರೆಗೆ ಮತ್ತೆ ತೆಗೆದ. ಮಲಗಿರಬಹುದು ಅನ್ನಿಸಿತು. ಮೂರಕ್ಕೆ ಕಿಟಕಿಯ ಮುಂದೆ ಸಾಲು ಬೆಳೆಯಿತು, ಕೆಲಸದ ಹೊತ್ತಿನಲ್ಲಿ ಮನೆಯ ವಿಷಯ ಮಾತಾಡುವುದು ಸರಿಯಲ್ಲ ಎನ್ನುವುದು ನೆನಪಾಯಿತು. ನಡುನಡುವೆ ಗಡಿಯಾರ ನೋಡುತ್ತಿದ್ದ. ಬೆನ್ನು ಬೆವೆತು ಅಂಗಿ ಕುರ್ಚಿಗೆ ಅಂಟಿಕೊಂಡಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕಿಟಕಿಯ ಕೆಳಗಿನ ಸಂದಿಯಿಂದ ಒಂದು ಹಾಳೆ ಒಳಗೆ ಬಂತು. ಮೇಲಿನ ಸಾಲು ನೋಡಿದವನೇ ತಲೆ ಎತ್ತದೆ, "ಒರಿಜಿನಲ್ಸ್ ಈಗ ಬರಲ್ಲ..." ಎಂದು ಶುರುಮಾಡಿದ.

"ಅರ್ಜಿ ತಂದಿದೀನಿ, ಸರ್."

ಕಿಟಕಿಯ ಆಚೆ ಪ್ರಿಯಂವದಾ ನಿಂತಿದ್ದಳು. ಎರಡು ಬಸ್ಸು ಬದಲಾಯಿಸಿ ಬಂದ ಮುಖ, ಹಣೆಯ ಮೇಲೆ ಬೆವರಿಗೆ ಅಂಟಿದ ಕೂದಲು. ಹಿಂದೆ ಏಳೆಂಟು ಜನರ ಸಾಲು. ಅವಳೂ ಆ ಸಾಲಿನಲ್ಲೇ ನಿಂತು ಬಂದಿದ್ದಳು. ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ, ನನ್ನ ಮೂಲ ದಾಖಲೆಗಳನ್ನು ದಯವಿಟ್ಟು ಹಿಂದಿರುಗಿಸಬೇಕೆಂದು ಕೋರಿಕೆ. ಕೆಳಗೆ ಅವಳ ಸಹಿ. ಅದರ ಪಕ್ಕ "ಪೋಷಕರ ಸಹಿ" ಎಂದು ಬರೆದು, ಗೆರೆ ಎಳೆದು ಖಾಲಿ ಬಿಟ್ಟಿದ್ದಳು.

"ಮನೇಲೇ ಮಾತಾಡ್ಬೋದಿತ್ತಲ್ಲೇ," ಎಂದು ಅವನು ಪಿಸುಗುಟ್ಟಿದ.

"ನೀನು ಮನೆಗೆ ಬರೋದು ಆರೂವರೆಗೆ."

"ನಿಂಗೆ ಹೆಂಗೆ..."

"ಲಿಸ್ಟ್ ಅವರ ವೆಬ್‌ಸೈಟಲ್ಲೂ ಹಾಕ್ತಾರಪ್ಪ. ದಿನಾ ನೋಡ್ತಿದ್ದೆ. ಇವತ್ತು ಬಂತು. ಲಿಂಕ್ ನಿನ್ನ ಮೇಲ್‌ಗೆ ಬಂದಿರತ್ತೆ, ಈಗ ಫೋನ್ ಮಾಡ್ತೀಯ, ಈಗ ಮಾಡ್ತೀಯ ಅಂತ ಕಾದೆ. ಒಂದೂವರೆವರೆಗೂ ಕಾದೆ."

ಅವಳ ದನಿ ಏರಿರಲಿಲ್ಲ. ಏರಿದ್ದರೆ ಸೇತುರಾಮನಿಗೆ ಅನುಕೂಲವಾಗುತ್ತಿತ್ತು, ತಾನೂ ಗದರಬಹುದಿತ್ತು. ನಾನು ಇ-ಮೇಲು ನೋಡಿಯೇ ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಇಲ್ಲಿ ನೆಟ್ಟೇ ಬರುತ್ತಿಲ್ಲ ಎಂದರೂ ನಡೆಯುತ್ತಿತ್ತು. ಮಗಳು ನಂಬುತ್ತಿದ್ದಳೋ ಏನೋ. ಕಣ್ಣು ಮಿಟುಕಿಸದೆ ಅವನ ಬಾಯನ್ನೇ ನೋಡುತ್ತಾ ನಿಂತಿದ್ದಳು.

"ಬಂತು," ಎಂದ ಸೇತುರಾಮ. "ಹನ್ನೊಂದಕ್ಕೇ ನೋಡ್ದೆ."

"ಮತ್ತೆ?"

"ಹೆದರಿಕೆ ಆಯ್ತು ಕಣೇ."

ಅವಳ ಕೆಳತುಟಿ ಅದುರಿತು. ಚಿಕ್ಕಂದಿನಲ್ಲಿ ಲೆಕ್ಕ ತಪ್ಪಾದಾಗಲೂ ಹೀಗೇ ಅದುರುತ್ತಿತ್ತು.

"ನಂಗೂ ಆಗ್ತಿದೆ," ಎಂದಳು. "ಅಲ್ಲಿ ನಾನೇ ಎಲ್ರಿಗಿಂತ ದಡ್ಡಿ ಇರ್ತೀನೇನೋ. ಬೆಳಗ್ಗೆಯಿಂದ ಅದೇ ಯೋಚನೆ. ನೀನು ಹೇಳಿದ್ದಿದ್ರೆ ಇಬ್ರೂ ಒಟ್ಟಿಗೆ ಹೆದರ್ಕೋಬೋದಿತ್ತಲ್ಲಪ್ಪ."

ಇಂಥ ಕಡೆ, ಸಾಲಿನಲ್ಲಿ ನಿಂತ ಜನರ ಎದುರು ಅಳುವಂತಿಲ್ಲ. ಅವನು ಫೋನು ತೆರೆದು, ಮೇಲು ತೆಗೆದು, ಸಂದಿಯಿಂದ ಅವಳ ಕಡೆ ತಳ್ಳಿದ. ಅವಳು ಲಿಂಕ್ ಒತ್ತಿದಳು. ಪರದೆಯ ಮೇಲೆ ಚಕ್ರ ಸುತ್ತತೊಡಗಿತು, ಸುತ್ತುತ್ತಲೇ ಇತ್ತು. ಇಬ್ಬರೂ ಕಿಟಕಿಯ ಎರಡು ಕಡೆಯಿಂದ ಬಗ್ಗಿ ಅದನ್ನೇ ನೋಡಿದರು. ಓಟಿಪಿ ಬಂತು. ಅವಳು ಹಾಕಿದ ಮೊದಲ ಸಲ ಒಂದು ಅಂಕಿ ತಪ್ಪಾಯಿತು. ಎರಡನೆಯ ಸಲ ಅವನು ಒಂದೊಂದೇ ಅಂಕಿ ಓದಿದ, ಅವಳು ಒತ್ತಿದಳು. ಹಸಿರು ಅಕ್ಷರ ಮೂಡಿದಾಗ ನಾಲ್ಕೂ ಎಂಟು.

ಅವನು ಅರ್ಜಿಯನ್ನು ಎಳೆದುಕೊಂಡು ಗೆರೆಯ ಮೇಲೆ ಸಹಿ ಮಾಡಿದ. ಎದ್ದು ಬೀರುವಿನ ಬೀಗ ತೆಗೆದು, ನಾನೂರ ಮೂರನ್ನು ಹುಡುಕಿ ತಂದು, ಅವಳ ಕೈಗೆ ಕೊಟ್ಟ. "ಎಣಿಸ್ಕೋ," ಎಂದ. ಅವಳು ಪಕ್ಕಕ್ಕೆ ಸರಿದು, ಕಂಬಕ್ಕೆ ಒರಗಿ ನಿಂತು ಒಂದೊಂದೇ ಕಾಗದ ತೆಗೆದು ನೋಡತೊಡಗಿದಳು.

ಅವಳ ಹಿಂದೆ ನಿಂತಿದ್ದವರು ಬಿಳಿ ಟೋಪಿಯ ಮಜೀದ್ ಸಾಹೇಬರು, ಆರ್.ಟಿ. ನಗರದವರು. ಎಲ್ಲವನ್ನೂ ನೋಡಿದ್ದರು. ಕಿಟಕಿಗೆ ಬಗ್ಗಿ ಮೆಲ್ಲಗೆ ಹೇಳಿದರು:

"ಸಾರ್, ಆ ಮಗೂಗೆ ಕೊಟ್ರಲ್ಲ. ನನ್ನ ಮಗಳದೂ ಸ್ವಲ್ಪ ನೋಡಿ. ಅರ್ಜಿ ನಾನೂ ಬರ್ಕೊಂಡ್ ಬಂದಿದೀನಿ."

ಮೇಜಿನ ಮೇಲಿನ ಇಂಟರ್‌ಕಾಮು ಹೊಡೆದುಕೊಂಡಿತು. ಮೂಲೆಯ ಕ್ಯಾಮೆರಾದಲ್ಲಿ ಬೀರುವಿನ ಬಾಗಿಲು ತೆರೆದದ್ದು ವೇಣುಗೋಪಾಲರಿಗೆ ಕಂಡಿರಬೇಕು. ಸೇತುರಾಮನ ಕೈ ಇಂಟರ್‌ಕಾಮಿನ ಕಡೆ ಹೋಯಿತು. ಮಜೀದ್ ಸಾಹೇಬರ ಹೆಗಲಿನಾಚೆ ಪ್ರಿಯಂವದಾ ಎಣಿಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

"ನಂಬರ್ ಹೇಳಿ," ಎಂದ ಅವನು.

"ನಾನೂರ ಐವತ್ತೊಂದು, ಸಾರ್."

ಇಂಟರ್‌ಕಾಮು ಹೊಡೆದುಕೊಳ್ಳುತ್ತಲೇ ಇತ್ತು. ಸೇತುರಾಮ ಬೀರುವಿನ ಮುಂದೆ ಮಂಡಿಯೂರಿ, ಕನ್ನಡಕ ಮೇಲಕ್ಕೇರಿಸಿ, ಲಕೋಟೆಗಳ ಮೇಲೆ ಬೆರಳಾಡಿಸುತ್ತಾ ಹುಡುಕತೊಡಗಿದ. ನಾನೂರ ನಲವತ್ತೆಂಟು, ನಲವತ್ತೊಂಬತ್ತು, ಐವತ್ತು.