ಪರೀಕ್ಷೆಗೆ ಇಟ್ಟ ಭುಜ

"ಸ್ನಾನ ಮಾಡಿ ಬರ್ಬೇಕು ಅಂತ ಹೇಳಿದ್ದಲ್ವಾ ನಿಂಗೆ? ಇಡೀ ಕೋಣೆ ಬಂಗುಡೆ ನಾರ್ತಾ ಉಂಟು!"

ಡಾಕ್ಟರ್ ರಘುಪತಿ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಫ್ಯಾನಿನ ಸ್ವಿಚ್ಚು ಅದುಮಿದರು. ಅಮ್ಮಣ್ಣಿ ಸ್ನಾನ ಮಾಡಿಯೇ ಬಂದಿದ್ದಳು. ಒಂದೇ ಕೈಯಲ್ಲಿ ನೀರು ಹೊಯ್ದುಕೊಂಡು, ಸೊಸೆಯಿಂದ ಬೈಸಿಕೊಂಡು ರವಿಕೆ ಹಾಕಿಸಿಕೊಂಡು, ಕಾಪುವಿನಿಂದ ಬೆಳ್ಮಣ್ ದಾಟಿ ಈ ಫಿಸಿಯೋಥೆರಪಿ ಕಾಲೇಜಿಗೆ ಬಸ್ಸು ಹಿಡಿದು ಬಂದಿದ್ದಳು. ಆಯುಸ್ಸಿಡೀ ಮೀನಿನ ಬುಟ್ಟಿ ಹೊತ್ತವಳ ಮೈವಾಸನೆ ಸಾಬೂನಿಗೆ ಹೆದರಿ ಓಡಿಹೋಗುತ್ತದೆಂದು ಈ ಮಹಾಶಯರು ಯಾವ ಪುಸ್ತಕದಲ್ಲಿ ಓದಿದ್ದರೋ!

ಬಲ ಭುಜ ಹಿಡಿದುಕೊಂಡ ಮೇಲೆ ಅವಳಿಗೆ ಬುಟ್ಟಿಯನ್ನು ತಲೆಗೇರಿಸಲು ಆಗುತ್ತಿರಲಿಲ್ಲ. ಅವಳು ಮೀನು ಕೊಡುತ್ತಿದ್ದ ಮನೆಗಳಿಗೆ ಬೇರೆಯವರು ಹೋಗತೊಡಗಿದ್ದರು. ಕೈ ಸರಿಯಾಗದಿದ್ದರೆ ಸೊಸೆ ಹಾಕಿದ್ದನ್ನು ಉಣ್ಣುತ್ತಾ ಮೂಲೆಯಲ್ಲಿ ಕೂರುವುದೇ ಗತಿ.

ಮೊದಲ ಸಲ ಅವಳ ಭುಜ ನೋಡಿದಾಗ ರಘುಪತಿಯವರಿಗೆ ಆದ ಸಂತೋಷ ಹೇಳತೀರದು. ವಿದ್ಯಾರ್ಥಿಗಳನ್ನೆಲ್ಲ ಕೂಗಿ ಕರೆದು, ಸಂತೆಯ ಎಮ್ಮೆಯನ್ನು ತೋರಿಸುವಂತೆ ತೋರಿಸಿದ್ದರು. "ಇಷ್ಟು ಗಟ್ಟಿ ಹಿಡಿದ ಭುಜ ಸಿಗುದು ಅಪರೂಪ" ಎಂದಿದ್ದರು. ಆಮೇಲೆ ಅವಳು ಬಂದಾಗಲೆಲ್ಲ ಒಂದೇ ಮಾತು: "ಎಣ್ಣೆ ತಿಕ್ಬೇಡ. ವ್ಯಾಯಾಮ ಗೀಯಾಮ ಮಾಡ್ಬೇಡ. ಎಲ್ಲ ನಾವೇ ಸುರು ಮಾಡ್ತೇವೆ." ಅಮ್ಮಣ್ಣಿ ದೊಡ್ಡವರ ಮಾತೆಂದು ನಂಬಿ ಕೈಯನ್ನು ಅಲುಗಾಡಿಸದೆ ಇಟ್ಟುಕೊಂಡಳು. ಮೊದಲ ಸಲ ಬಂದಾಗ ಕಿವಿಯ ತನಕ ಹೋಗುತ್ತಿದ್ದ ಕೈ ಈಗ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಇವತ್ತು ಬಾ ಎಂದು ಅವರೇ ಫೋನು ಮಾಡಿಸಿದ್ದರು. ಅಂತೂ ಚಿಕಿತ್ಸೆ ಸುರುವಾಯಿತೆಂದು ಅವಳು ಓಡಿ ಬಂದಿದ್ದಳು.

ಕರೆಯುವ ತನಕ ಹೊರಗೆ ಕೂರೆಂದು ಅವಳನ್ನು ಕಳಿಸಿದರು. ಅಲ್ಲಿ ಬೆಂಚಿನ ಮೇಲೆ ಕೆಂಪು ಕಲ್ಲು ಹೊರುತ್ತಿದ್ದ ಕಿಟ್ಟ ಎಂಬವನು ಒಂದು ಕಾಲು ನೀಡಿಕೊಂಡು ಕೂತಿದ್ದ.

"ನಿಮ್ಮದು ಭುಜವಾ ಅಕ್ಕ? ನಂದು ಮೊಣಕಾಲು. ಹೋದ ವರ್ಷದ ಪರೀಕ್ಷೆಗೂ ನಾನೇ."

"ಮತ್ತೆ ಸರಿ ಆಗ್ಲಿಲ್ವಾ?"

"ಸರಿ ಮಾಡಿದ್ರೆ ಈ ವರ್ಷ ಯಾರ ಕಾಲು ತೋರ್ಸುದು? ಮಕ್ಕಳು ಬಂದು ಒತ್ತಿ, ಮಡ್ಚಿ, ಎಂತ ರೋಗ ಅಂತ ಹೇಳ್ಬೇಕು. ನಿಮ್ಮನ್ನೂ ಹಾಗೇ ಇಟ್ಟದ್ದು. ಬನ್ಸು, ಚಾ ಕೊಡ್ತಾರೆ ಮಾರಾಯ್ರೆ."

ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. ಅಮ್ಮಣ್ಣಿಗೆ ಮೈಯೆಲ್ಲ ಉರಿದುಹೋಯಿತು. ಉತ್ತರ ಕೊಡುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಮಂಚದ ಮೇಲೆ ಕೂರಿಸಿ ರವಿಕೆ ಸಡಿಲಿಸಿದರು. ಮೊದಲು ಬಂದ ಹುಡುಗ ಕೈಯನ್ನು ಒಮ್ಮೆಗೇ ಮೇಲೆತ್ತಿದ. ಅಮ್ಮಣ್ಣಿಯ ಕಣ್ಣಿಗೆ ಕತ್ತಲೆ ಬಂತು.

"ನೋವಾಗ್ತದಾ?"

"ಇಲ್ಲ, ನಿನ್ನಜ್ಜಿಗೆ ಆಗ್ತದೆ!"

ಅವನು ಅದನ್ನೂ ಬರೆದುಕೊಂಡು ಹೋದ. ಅಮ್ಮಣ್ಣಿ ಹೊರಗಿನಿಂದ ಬಂದಿದ್ದ ಪರೀಕ್ಷಕರತ್ತ ತಿರುಗಿದಳು.

"ಸಾರ್, ಇವ್ರು ನನ್ನ ಕೈ ಸರಿ ಮಾಡ್ಲಿಲ್ಲ. ನಿಮ್ಗೆ ತೋರ್ಸ್ಲಿಕ್ಕೆ ಅಂತ ಬೇಕಂತ್ಲೇ ಹಾಗೇ ಇಟ್ಟದ್ದು."

ಪರೀಕ್ಷಕರು ಉತ್ತರ ಭಾರತದ ಕಡೆಯವರು, ಕನ್ನಡ ಬಾರದು. ರಘುಪತಿ ನಗುತ್ತಾ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದರಲ್ಲಿ 'ಥ್ಯಾಂಕ್ಸ್' ಎಂಬುದೊಂದು ಅಮ್ಮಣ್ಣಿಗೆ ತಿಳಿಯಿತು. ಪರೀಕ್ಷಕರು ಸಂತೋಷದಿಂದ ಅವಳಿಗೆ ಕೈಮುಗಿದರು.

ಅಮ್ಮಣ್ಣಿ ಮೀನು ತರುತ್ತಿದ್ದ ಮಲ್ಪೆ ಬಂದರಿನ ಬೋಟುಗಳಲ್ಲಿ ಈಗ ಒಡಿಶಾ, ಜಾರ್ಖಂಡಿನ ಹುಡುಗರೇ ತುಂಬಿರುವುದು, ಬಂದರಿನ ಹೆಂಗಸರು ಅವರೊಡನೆ ಹಿಂದಿಯಲ್ಲೇ ಜಗಳಾಡುವುದು ರಘುಪತಿಗೆ ಹೇಗೆ ಗೊತ್ತಾಗಬೇಕು?

"ಸಾಬ್, ಏ ಝೂಟ್ ಬೋಲ್ತಾ! ಮೇರಾ ಹಾತ್ ಠೀಕ್ ನಹೀ ಕಿಯಾ. ಪರೀಕ್ಷಾ ಕೇ ವಾಸ್ತೇ ಐಸಾ ರಖಾ!"

ಪರೀಕ್ಷಕರಿಗೆ ಚೆನ್ನಾಗಿಯೇ ಅರ್ಥವಾಯಿತು. ಅವರು ರಘುಪತಿಯನ್ನು ನೋಡಿದರು. ರಘುಪತಿ ಗೋಡೆ ನೋಡಿದರು. ಆಮೇಲೆ ಪರೀಕ್ಷಕರು ಕೈಗಡಿಯಾರ ನೋಡಿ "ನೆಕ್ಸ್ಟ್" ಎಂದರು.

ನವ್ಯಶ್ರೀ ಎಂಬ ಹುಡುಗಿ ಕೋನ ಅಳೆಯುವ ಸಾಧನ ಹಿಡಿದು ಬಂದಳು. "ಕೈ ಕೊಡಿ ಅಮ್ಮ."

ಅಮ್ಮಣ್ಣಿ ಬಲಗೈಯನ್ನು ಹೊಟ್ಟೆಗೆ ಒತ್ತಿ ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡಳು. "ಕೊಡುದಿಲ್ಲ."

"ಏ, ನಾಟಕ ಮಾಡ್ಬೇಡ! ಮಕ್ಕಳ ಭವಿಷ್ಯ ಉಂಟು!" ರಘುಪತಿ ಗದರಿದರು.

"ನಿನ್ನ ಮಕ್ಕಳ ಭವಿಷ್ಯ ನನ್ನ ಕಂಕುಳಲ್ಲಿ ಉಂಟಾ, ಬೇವರ್ಸಿ?"

"ಇನ್ನು ನಿಂಗೆ ಇಲ್ಲಿ ಚಿಕಿತ್ಸೆ ಇಲ್ಲ, ನೆನಪಿಟ್ಕೋ!"

"ಇಷ್ಟರ ವರೆಗೆ ಎಂತ ಕೊಟ್ಟಿದ್ದಿ?"

ರಘುಪತಿ ಕರವಸ್ತ್ರ ಬಿಟ್ಟು ಅವಳ ಬೆರಳು ಬಿಡಿಸಲು ಬಂದರು. ಒಂದೂ ಬಿಡಿಸಲಾಗಲಿಲ್ಲ. ಭಾಷೆ ಬದಲಾಯಿತು. "ಅಮ್ಮಾ, ಸ್ವಲ್ಪ ಸಹಕರಿಸಿ. ನಾಳೆಯೇ ಸುರು ಮಾಡುವ."

"ಈಗ ಮಾಡು, ಈ ಸಾರ್ ಎದುರು. ಪರೀಕ್ಷೆ ಆಮೇಲೆ."

ಮುಂದಿನವರ ಸರದಿಯ ಗಂಟೆ ಬಡಿಯಿತು. ನವ್ಯಶ್ರೀಯ ಹಿಂದೆ ಇನ್ನೊಬ್ಬ ಬಂದು ನಿಂತ, ಅವನ ಹಿಂದೆ ಮತ್ತೊಬ್ಬಳು. ಅಷ್ಟರಲ್ಲಿ ಬಾಗಿಲಲ್ಲಿ ಕಿಟ್ಟನ ಮುಖ ಕಾಣಿಸಿತು.

"ಸರ್, ನನ್ನ ಕಾಲು ಉಂಟಲ್ಲ! ಮೊದ್ಲು ಅದು ತಕೊಳ್ಳಿ."

ಯಾರೂ ಹೇಳುವ ಮೊದಲೇ ಅವನು ಕುಂಟುತ್ತಾ ಬಂದು ಪಕ್ಕದ ಮಂಚದಲ್ಲಿ ಅಂಗಾತ ಮಲಗಿ ಲುಂಗಿ ಮೇಲೆತ್ತಿದ. ರಘುಪತಿಗೆ ಹೋದ ಉಸಿರು ಬಂದಂತಾಯಿತು. ಬಿಳಿ ಕೋಟುಗಳೆಲ್ಲ ಒಟ್ಟಿಗೇ ಅತ್ತ ತಿರುಗಿದವು.

ಅಮ್ಮಣ್ಣಿ ಮಂಚದಿಂದ ಧುಮುಕಿದಳು. ಸಡಿಲಿಸಿದ ರವಿಕೆಯಲ್ಲೇ ಅವರ ನಡುವೆ ನುಗ್ಗಿ, ಕಿಟ್ಟನ ಲುಂಗಿಯನ್ನು ಸರ್ರನೆ ಕೆಳಗೆಳೆದು, ಅವನ ಮಂಚದ ಅಂಚಿನಲ್ಲಿ ಕೂತಳು.

"ಎಂತದಕ್ಕ ಇದು?" ಕಿಟ್ಟ ಏಳಲು ನೋಡಿದ. "ನನ್ನ ಅನ್ನಕ್ಕೆ ಕಲ್ಲು ಹಾಕ್ತೀರಾ?"

"ಮಲಕ್ಕೋ ನಾಯಿ!" ಎಂದು ಅವನ ಎದೆಗೆ ಎಡಗೈ ಒತ್ತಿ ಹಿಡಿದು, ಅಮ್ಮಣ್ಣಿ ಬಿಳಿ ಕೋಟುಗಳತ್ತ ತಲೆಯೆತ್ತಿದಳು. "ಬನ್ನಿ ನೋಡುವ, ಯಾರು ಮುಟ್ತೀರಿ."