ಕ್ಲೆಮ್ ಹಾಕಿಕೊಟ್ಟ ಚಿಲಕ

ಕ್ಲೆಮ್ ಟ್ರೆನೋವೆತ್ ಮುಂದಕ್ಕೆ ನಡೆಯುವುದಕ್ಕಿಂತ ಹಿಂದಕ್ಕೆ ನಡೆಯುವುದರಲ್ಲಿ ನಿಪುಣ. ಬ್ರೆಡ್ ತರಲೆಂದು ಪೇಟೆಯ ಕಡೆ ಹೊರಟಾಗ ಆತನ ಭಾರೀ ದೇಹ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ, ಪ್ರತಿ ಹೆಜ್ಜೆಗೂ ನೆಲದ ಅನುಮತಿ ಕೇಳುತ್ತಿರುವಂತೆ ಕಾಣುತ್ತಿತ್ತು; ಆದರೆ ಅದೇ ಮನುಷ್ಯ ದೋಣಿಗಳನ್ನು ಇಳಿಸಿ ಏರಿಸುವ ಇಳಿಜಾರಿನಲ್ಲಿ, ಸೊಂಟದವರೆಗಿನ ನೀರಿನಲ್ಲಿ ನಿಂತು, ಬರುತ್ತಿರುವ ದೋಣಿಯ ಮೂತಿಯನ್ನು ಎರಡೂ ಅಂಗೈಗಳಲ್ಲಿ ಹಿಡಿದು, ಪಾಚಿಗಟ್ಟಿದ ಕಾಂಕ್ರೀಟಿನ ಮೇಲೆ ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಅದನ್ನು ಕಾರಿಗೆ ಕಟ್ಟಿ ನೀರಿಗಿಳಿಸಿದ ಟ್ರೇಲರಿನ ಮೇಲಕ್ಕೆ ಕರೆದುಕೊಳ್ಳುವಾಗ ಆ ದೇಹಕ್ಕೆ ಎಲ್ಲಿಂದಲೋ ನರ್ತಕನ ಲಾಘವ ಬಂದುಬಿಡುತ್ತಿತ್ತು. ನಲವತ್ತು ವರ್ಷಗಳಲ್ಲಿ ಆತ ಜಾರಿ ಬಿದ್ದದ್ದನ್ನು ಕಂಡವರು ನಮ್ಮ ಬಂದರೂರು ಪೋರ್ಟ್ ಹ್ಯಾರೋದಲ್ಲಿ ಒಬ್ಬರೂ ಇಲ್ಲ.

ಮೈಮೇಲೆ ಎಲ್ಲ ಋತುವಿನಲ್ಲೂ ಒಂದೇ ಕಪ್ಪುನೀಲಿ ಉಣ್ಣೆಯ ಕೋಟು, ಕೆಳಗೆ ಮೊಣಕಾಲಿನ ಚಡ್ಡಿ. ಕೋಟಿನ ಅಂಚು ಉಪ್ಪು ಕಟ್ಟಿ ಕಟ್ಟಿ, ಗೋಡೆಯ ಅಡಿಯ ಸುಣ್ಣದ ಪಟ್ಟಿಯ ಹಾಗೆ ಬೆಳ್ಳಗಾಗಿತ್ತು. ಬಾಯಲ್ಲಿ ಸದಾ ಒಂದೇ ಮಾತು: "ಬಾ ಬಾ, ಇನ್ನೊಂದು ಗೇಣು." ದೋಣಿ ಇನ್ನೂ ಹತ್ತು ಅಡಿ ದೂರವಿದ್ದರೂ ಇನ್ನೊಂದು ಗೇಣು, ಮೂತಿ ಬಂದು ಟ್ರೇಲರಿನ ಕಂಬಕ್ಕೆ ತಾಗಿದ್ದರೂ ಇನ್ನೊಂದು ಗೇಣು. ಊರಿನ ಚರ್ಚಿನಲ್ಲಿ ಪಾದ್ರಿಯ ಉಪದೇಶ ಉದ್ದವಾದಾಗ ಹಿಂದಿನ ಬೆಂಚಿನಿಂದ ಯಾರೋ ಅದೇ ಮಾತನ್ನು ಪಿಸುಗುಟ್ಟಿ ಇಡೀ ಸಾಲನ್ನೇ ನಗಿಸಿದ್ದುಂಟು.

ನಮ್ಮ ಇಳಿಜಾರು ದಕ್ಷಿಣಕ್ಕೆ ಬಾಯ್ತೆರೆದುಕೊಂಡಿದೆ. ಬೆಳಗಿನ ಹೊತ್ತು ಕೊಲ್ಲಿಯ ನೀರು ಹಾಸಿದ ರೇಷ್ಮೆಯಂತೆ ಮಲಗಿರುತ್ತದೆ. ಮಧ್ಯಾಹ್ನ ದಾಟಿತೆಂದರೆ ಗಾಳಿ ಎದ್ದು ಅಲೆಗಳು ಕಾಂಕ್ರೀಟಿನ ಮೇಲೆಯೇ ಏರಿ ಬರುತ್ತವೆ. ದೋಣಿಯನ್ನು ಟ್ರೇಲರಿಗೆ ಏರಿಸುವುದು ಕಷ್ಟವಲ್ಲ, ಏರಿದ ಮೇಲೆ ಅದನ್ನು ಅಲ್ಲಿ ನಿಲ್ಲಿಸುವುದು ಕಷ್ಟ. ಒಬ್ಬರು ಯಂತ್ರ ನಡೆಸುತ್ತ ದೋಣಿಯನ್ನು ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ನೀರಿನಲ್ಲಿ ನಿಂತು ಮೂತಿಯ ಉಕ್ಕಿನ ಬಳೆಗೆ ಕೊಂಡಿ ಸಿಕ್ಕಿಸಿ ರಾಟೆ ತಿರುಗಿಸಬೇಕು. ಆ ಇನ್ನೊಬ್ಬ, ನಮಗೆಲ್ಲರಿಗೂ, ಕ್ಲೆಮ್. ಗೋಧಿಯ ಹಡಗುಗಳು ಬರುವುದು ನಿಂತು ಧಕ್ಕೆಯ ಕೆಲಸ ಹೋದ ಮೇಲೆ ಆತ ನೀರಿನ ಪಕ್ಕದ ತಗಡಿನ ಮನೆಯಲ್ಲಿ ಒಬ್ಬನೇ ಇದ್ದ. ಯಂತ್ರದ ಸದ್ದು ಕಿವಿಗೆ ಬಿದ್ದರೆ ಸಾಕು, ಕುಡಿಯುತ್ತಿದ್ದ ಚಹಾ ಬಿಟ್ಟು ಇಳಿದು ಬರುತ್ತಿದ್ದ. ಕೊಟ್ಟರೆ ಒಂದು ಮೀನು ತೆಗೆದುಕೊಳ್ಳುತ್ತಿದ್ದ, ಎರಡನೆಯದನ್ನು ಕೊಟ್ಟರೆ ಅವಮಾನವಾದವನಂತೆ ಮುಖ ತಿರುಗಿಸುತ್ತಿದ್ದ.

ಆತನ ಸಹಾಯವನ್ನು ಹಲ್ಲು ಕಚ್ಚಿಕೊಂಡು ಸ್ವೀಕರಿಸುತ್ತಿದ್ದವಳು ಲಿಯೋನಿ ಜ್ಯಾರೆಡ್ ಒಬ್ಬಳೇ. ಊರಿನ ಆಸ್ಪತ್ರೆಯಲ್ಲಿ ದಾದಿ. ರಜೆಯ ದಿನಗಳಲ್ಲಿ ತನ್ನ ಪುಟ್ಟ ಅಲ್ಯೂಮಿನಿಯಂ ದೋಣಿಯಲ್ಲಿ ಒಬ್ಬಳೇ ಹೋಗಿ ಹತ್ತು ತೋಳಿನ ಬೊಂಡಾಸ್ ಮೀನು ಹಿಡಿದು ತರುವವಳು.

"ನಿನ್ನ ಉಪಕಾರ ದೊಡ್ಡದು ಕ್ಲೆಮ್," ಎಂದು ಒಮ್ಮೆ ನನ್ನೆದುರಿಗೇ ಹೇಳಿದ್ದಳು. "ಆದ್ರೆ ನಾನು ಸಮುದ್ರದಿಂದ ಬರೋದು ನನ್ನ ಹೊತ್ತಿಗೆ. ನೀನು ಚಹಾ ಕುಡಿದು ಮುಗಿಸೋ ಹೊತ್ತಿಗಲ್ಲ."

"ಸರಿ ಬಿಡಮ್ಮ, ಇನ್ಮೇಲೆ ಚಹಾ ಬಿಟ್ಬಿಡ್ತೀನಿ," ಎಂದಿದ್ದ ಕ್ಲೆಮ್, ರಾಟೆ ತಿರುಗಿಸುತ್ತ.

ಒಂದು ಮಾರ್ಚಿನಲ್ಲಿ ಕ್ಲೆಮ್ ಹಲ್ಲು ಕೀಳಿಸಿಕೊಳ್ಳಲು ಪಕ್ಕದ ಊರಿಗೆ ಹೋಗಿದ್ದ. ಅಂದು ಗಾಳಿ ಎರಡು ಗಂಟೆ ಮುಂಚೆಯೇ ಎದ್ದಿತು. ಲಿಯೋನಿ ತಿರುಗಿ ಬಂದಾಗ ಇಳಿಜಾರಿನಲ್ಲಿ ನರಪಿಳ್ಳೆಯಿಲ್ಲ. ದೋಣಿಯನ್ನು ಟ್ರೇಲರಿನ ಮೇಲೆ ಓಡಿಸಿ, ಯಂತ್ರ ಬಿಟ್ಟು, ಮೂತಿಯ ಮೇಲಿಂದ ಹಾರಿ ಕೊಂಡಿ ಸಿಕ್ಕಿಸಲು ಕೈ ಚಾಚಿದಳು. ಅಷ್ಟರಲ್ಲಿ ಅಲೆಯೊಂದು ದೋಣಿಯನ್ನು ಹಿಂದಕ್ಕೆಳೆದು ಮತ್ತೆ ಮುಂದಕ್ಕೆ ತಂದು ಅಪ್ಪಳಿಸಿತು. ಮೂತಿಗೂ ಕಂಬಕ್ಕೂ ನಡುವೆ ಆಕೆಯ ಎಡಗೈ ಸಿಕ್ಕಿತು. ಮೂರು ಬೆರಳು ಮುರಿದವು. ಆಕೆ ಮಾತ್ರ ದೋಣಿಯ ಹಗ್ಗವನ್ನು ಬಲತೋಳಿಗೆ ಸುತ್ತಿಕೊಂಡು, ಟ್ರೇಲರಿನ ಕಂಬವನ್ನು ತಬ್ಬಿಕೊಂಡು, ಎದೆಯವರೆಗಿನ ನೀರಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದಳು.

ನಾನು ಕ್ಲೆಮ್‌ನನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದೆ. ಆಕೆಯನ್ನು ಕಂಡದ್ದೇ ತಡ, ಕಾರು ಪೂರ್ತಿ ನಿಲ್ಲುವ ಮೊದಲೇ ಆತ ಪೇಟೆಯ ಬೂಟುಗಳಲ್ಲಿಯೇ ನೀರಿಗಿಳಿದ.

"ಕೈ ಬಿಡು ಲಿಯೋನಿ."

"ಬಿಟ್ರೆ ದೋಣಿ ಹೋಗುತ್ತೆ."

"ನಾನು ಹಿಡ್ಕೊಂಡಿದೀನಿ. ಬಿಡು."

"ಎಲ್ಲಿ ಹಾಳಾಗಿ ಹೋಗಿದ್ಯೋ?"

"ಅಲ್ಲು ಕೀಲ್ತಿಕೊಲ್ಲೋಕೆ," ಎಂದ ಕ್ಲೆಮ್, ಮದ್ದಿನಿಂದ ಜಡಗಟ್ಟಿದ್ದ ಅರ್ಧ ಬಾಯಲ್ಲಿ. ಆ ನೋವಿನಲ್ಲೂ ಆಕೆ ನಕ್ಕುಬಿಟ್ಟಳು. ನಗುತ್ತ ನಗುತ್ತಲೇ ಅಳತೊಡಗಿದಳು.

ಒಂದು ವಾರ ಕಳೆಯಿತು. ನಾನು ನೋಡಲು ಹೋದಾಗ ಕ್ಲೆಮ್ ಮನೆಯ ಮೆಟ್ಟಿಲ ಮೇಲೆ ಕುಳಿತು ತನ್ನ ಅಂಗೈಗಳನ್ನು ಪರಕೀಯನ ವಸ್ತುಗಳೆಂಬಂತೆ ದಿಟ್ಟಿಸುತ್ತಿದ್ದ.

"ನನ್ನಿಂದ ಆಕೆ ಬೆರಳು ಮುರಿದ್ವು," ಎಂದ.

"ಒಂದು ದಿನ ನೀನಿರಲಿಲ್ಲ ಅಷ್ಟೆ. ಅದು ನಿನ್ನ ತಪ್ಪೇ?"

"ಇರ್ಲಿಲ್ಲ ಅಂತಲ್ಲ ಮಾರಾಯ, ಇದ್ದೆ ಅಂತ. ನಲವತ್ತು ವರ್ಷ ಇದ್ದೆ. ನಾನಿದೀನಲ್ಲ ಅಂತ ಈ ಊರಲ್ಲಿ ಯಾರೂ ಬೇರೆ ದಾರೀನೇ ಹುಡುಕ್ಲಿಲ್ಲ."

ಬೇರೆ ದಾರಿಯೊಂದನ್ನು ಆತ ಮೊದಲೇ ಕಂಡಿದ್ದ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಉತ್ತರದಿಂದ ಬಂದ ಪ್ರವಾಸಿಯೊಬ್ಬನ ಟ್ರೇಲರಿನಲ್ಲಿ, ತಾನೇ ಬೀಳುವ ಚಿಲಕವಿತ್ತು. ದೋಣಿ ಏರಿ ಬಂದು ಅದರ ಮೂತಿಯ ಬಳೆ ತಾಗಿದೊಡನೆ ಉಕ್ಕಿನ ಗೂಟವೊಂದು ಬಳೆಯೊಳಗೆ ಹಾದು ಹಿಡಿದುಕೊಳ್ಳುವುದು. ಇಳಿಸುವಾಗ ದೋಣಿಯಲ್ಲಿ ನಿಂತೇ ಹಗ್ಗವೊಂದನ್ನು ಎಳೆದರೆ ಬಿಟ್ಟುಕೊಡುವುದು. ಅಂದು ಕ್ಲೆಮ್ ಅದನ್ನು ಬಹಳ ಹೊತ್ತು ನೋಡಿದ್ದನಂತೆ. ನೋಡಿ, ಯಾರಿಗೂ ಹೇಳದೆ ಮನೆಗೆ ಹೋಗಿದ್ದನಂತೆ. ಇದನ್ನು ನನಗೆ ಹೇಳುವಾಗ ಆತನ ಕಿವಿಗಳು ಕೆಂಪಾಗಿದ್ದವು.

ಲಿಯೋನಿಯ ಬೆರಳುಗಳು ಕೂಡುವಷ್ಟರಲ್ಲಿ ಚಿಲಕ ತರಿಸಿದ. ಅದನ್ನು ಆಕೆಯ ಟ್ರೇಲರಿನಲ್ಲಿ ಕೂರಿಸಲು ನಾಲ್ಕು ದಿನ ಹಿಡಿಯಿತು. ಕಂಬವನ್ನು ಬೆರಳಗಲ ಏರಿಸುವುದು, ದೋಣಿಯನ್ನು ತೇಲಿಸಿ ನೋಡುವುದು, ಅರ್ಧ ಬೆರಳು ಇಳಿಸುವುದು. ಟ್ರೇಲರು ನೀರಿನಲ್ಲಿ ಹೆಚ್ಚು ಮುಳುಗಿದರೆ ಬಳೆ ಚಿಲಕದ ಮೇಲಿನಿಂದಲೇ ತೇಲಿಹೋಗುತ್ತಿತ್ತು, ಕಡಿಮೆ ಮುಳುಗಿದರೆ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಕೊನೆಗೆ ಚಕ್ರದ ಮೇಲಿನ ತಗಡಿಗೆ ಬಿಳಿಯ ಗೆರೆ ಬಳಿದು, "ನೀರು ಇಲ್ಲೀವರೆಗೆ. ಮೇಲೂ ಬೇಡ, ಕೆಳಗೂ ಬೇಡ," ಎಂದ.

ಆಕೆ ಒಬ್ಬಳೇ ಏರಿಸಿ ನೋಡಿದ ದಿನ ಕ್ಲೆಮ್ ನನ್ನ ಪಕ್ಕದಲ್ಲಿ, ಒಣನೆಲದ ಮೇಲೆ, ಕೋಟಿನ ಜೇಬುಗಳಲ್ಲಿ ಕೈಯಿಟ್ಟುಕೊಂಡು ನಿಂತಿದ್ದ. ಮೊದಲ ಸಲ ದೋಣಿ ಅರ್ಧಕ್ಕೇ ನಿಂತು ಹಿಂದೆ ಸರಿಯಿತು. ಎರಡನೆಯ ಸಲ ಓರೆಯಾಗಿ ಬಂತು. ಆತನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಒಂದು ಹೆಜ್ಜೆ ಮುಂದಿಟ್ಟವನು ತನ್ನನ್ನು ತಾನೇ ನಂಬದೆ, ಹಗ್ಗ ಕಟ್ಟುವ ಮೋಟುಗಂಬದ ಮೇಲೆ ಧೊಪ್ಪನೆ ಕುಳಿತುಬಿಟ್ಟ. ಮೂರನೆಯ ಸಲ ದೋಣಿ ನೇರವಾಗಿ, ನಿಧಾನವಾಗಿ ಏರಿ ಬಂತು. ಠಕ್ಕೆಂದಿತು. ಲಿಯೋನಿ ಯಂತ್ರ ನಿಲ್ಲಿಸಿದಳು. ಅಲೆಯೊಂದು ಹಿಂಬದಿಯನ್ನು ಎತ್ತಿ ಇಳಿಸಿತು, ದೋಣಿ ಕದಲಲಿಲ್ಲ. 

"ಹಿಡೀತಾ, ಕ್ಲೆಮ್?"

"ನನ್ನನ್ನ ಕೇಳ್ಬೇಡ. ಇಳಿದು ನೋಡು, ಗೂಟ ಪೂರ್ತಿ ಆಚೆ ಬಂದಿದ್ಯಾ ಅಂತ. ಆಮೇಲೆ ಸರಪಳಿ ಹಾಕು. ಚಿಲಕ ಬಿತ್ತು ಅಂತ ಸರಪಳಿ ಮರೆತವರ ದೋಣಿ ರಸ್ತೆ ಮೇಲೆ ಈಜುತ್ತೆ."

ಆಕೆ ಇಳಿದು ನೋಡಿದಳು, ಸರಪಳಿ ಹಾಕಿದಳು, ಕಾರು ಹತ್ತಿ ದೋಣಿಯನ್ನು ಎಳೆದುಕೊಂಡು ನಮ್ಮೆದುರಿನಿಂದಲೇ ಮೇಲೆ ಹೋದಳು. ನಿಲ್ಲಿಸಲಿಲ್ಲ.

ಆ ಚಳಿಗಾಲದಲ್ಲಿ ಕ್ಲೆಮ್ ಊರಿನ ಹತ್ತೊಂಬತ್ತು ಟ್ರೇಲರುಗಳಿಗೆ ಚಿಲಕ ಕೂರಿಸಿದ, ನನ್ನದೂ ಸೇರಿ. ಮುಂದಿನ ಬೇಸಿಗೆಯಲ್ಲಿ ಯಂತ್ರದ ಸದ್ದಿಗೆ ಅಭ್ಯಾಸಬಲದಿಂದ ಇಳಿದು ಬರುತ್ತಿದ್ದ. ಅಷ್ಟರಲ್ಲಿ ದೋಣಿಗಳು ಏರಿ, ಠಕ್ಕೆಂದು, ಕೈಬೀಸಿ ಹೊರಟಿರುತ್ತಿದ್ದವು. ಒಣಗಿದ ಕೋಟಿನಲ್ಲಿ ಆತ ಯಾರದೋ ಮದುವೆಗೆ ತಪ್ಪಾಗಿ ಬಂದವನಂತೆ ನಿಂತಿರುತ್ತಿದ್ದ.

"ಬೇಜಾರಾಗಲ್ವಾ?" ಎಂದು ಕೇಳಿದೆ.

"ಆಗುತ್ತೆ. ಸುಳ್ಯಾಕೆ ಹೇಳ್ಲಿ? ಆದ್ರೆ ಬೇಜಾರಿಗೆ ಯಾರ ಮೂಳೇನೂ ಮುರಿಯಲ್ಲ."

ಲಿಯೋನಿಗೆ ಅದನ್ನು ನೋಡಿ ನೋಡಿ ಸಾಕಾಯಿತು. "ನಾಳೆ ನನ್ನ ದೋಣೀಲಿ ಬಾ," ಎಂದಳು. ಆಗ ಹೊರಬಿತ್ತು ಗುಟ್ಟು: ಕ್ಲೆಮ್ ಟ್ರೆನೋವೆತ್ ತನ್ನ ಜೀವಮಾನದಲ್ಲಿ ದೋಣಿ ಹತ್ತಿದವನೇ ಅಲ್ಲ. ಕಾಲಡಿ ಅಲುಗಿದರೆ ಹೊಟ್ಟೆ ತೊಳೆಸುತ್ತಿತ್ತು. ಅದನ್ನು ಹೇಳಿಕೊಳ್ಳಲು ನಾಚಿ, ಹೊತ್ತಿಲ್ಲ ಹೊತ್ತಿಲ್ಲವೆಂದು ನಲವತ್ತು ವರ್ಷ ಕಳೆದಿದ್ದ. ಲಿಯೋನಿ ಆಸ್ಪತ್ರೆಯ ಗುಳಿಗೆಯೊಂದನ್ನು ಅಂಗೈಗೆ ಹಾಕಿ, "ನುಂಗು, ಮಾತಾಡ್ಬೇಡ," ಎಂದಳು.

ಏಪ್ರಿಲಿನ ಆ ಮುಂಜಾನೆ ನಾವು ಮೂವರು ಹೊರಟೆವು. ಗಾಳಿಯೇ ಇರಲಿಲ್ಲ. ಆಕಾಶ ಯಾವುದು ನೀರು ಯಾವುದು ತಿಳಿಯದ ಒಂದು ಮುತ್ತಿನ ಬಣ್ಣದೊಳಗೆ ದೋಣಿ ತೂಗುಹಾಕಿದಂತೆ ನಿಂತಿತ್ತು. ಕೆಳಗೆ ಕಡಲಹುಲ್ಲಿನ ಕಾಡುಗಳು ಅತ್ತಿತ್ತ ತಲೆಯಾಡಿಸುತ್ತಿದ್ದವು. ಪೆಲಿಕನ್ ಹಕ್ಕಿಯೊಂದು ತನ್ನ ಬಿಂಬವನ್ನೇ ಅಡಿಗಿಟ್ಟುಕೊಂಡು ತೇಲುತ್ತಿತ್ತು. ಕ್ಲೆಮ್ ಗುಳಿಗೆಗೂ ಬಗ್ಗದೆ ಎರಡು ಸಲ ವಾಂತಿ ಮಾಡಿಕೊಂಡ. ಆಮೇಲೆ ಬಾಯಿ ಒರೆಸಿಕೊಂಡು ದಡದ ಕಡೆ ತಿರುಗಿ ಕುಳಿತ. ಗೋಧಿ ಬೆಳೆಯುವ ದಿಬ್ಬಗಳ ಬುಡದಲ್ಲಿ ನಮ್ಮ ಇಳಿಜಾರು ಉಗುರಿನ ಚೂರಿನಷ್ಟು ಬೆಳ್ಳಗೆ ಕಾಣುತ್ತಿತ್ತು.

"ಅಷ್ಟೇನಾ ಅದು?" ಎಂದ.

ಮತ್ತೆ ಕೇಳಿದ: "ನಾನು ಅಲ್ಲಿ ನಿಂತಿದ್ರೆ ನಿಮಗಿಲ್ಲಿ ಕಾಣ್ತಿದ್ನಾ?"

ಲಿಯೋನಿ ದಾರ ಬಿಡುತ್ತಿದ್ದವಳು ತಲೆಯೆತ್ತಲಿಲ್ಲ. "ಎರಡು ಮೈಲಿಯಿಂದ ಕಾಣ್ತಿದ್ದೆ. ಒಂದು ಕಪ್ಪು ಚುಕ್ಕಿ. ಅದು ಕಂಡ ಮೇಲೆ ಗಾಳಿಗೆ ಹೆದರೋದು ಬಿಡ್ತಿದ್ವಿ."

 ಕ್ಲೆಮ್‌ನ ದೊಡ್ಡ ಮುಖ ಬೆಳಕಿನ ಕಡೆ ತಿರುಗಿಕೊಂಡು ಬಹಳ ಹೊತ್ತು ಹಾಗೆಯೇ ಇತ್ತು. ದೋಣಿ ತೂಗುತ್ತಿತ್ತು, ಆತನ ಹೊಟ್ಟೆ ಅದನ್ನು ಮರೆತಂತಿತ್ತು.

ಪರೋಪಕಾರಿಗಳೆಂದು ನಾವು ಸುಲಭವಾಗಿ ಕರೆದುಬಿಡುವವರಲ್ಲಿ ಎರಡು ಬಗೆಯವರಿದ್ದಾರೆಂದು ನನಗೀಗ ಅನ್ನಿಸುತ್ತದೆ. ತಾವಿಲ್ಲದೆ ಲೋಕ ನಡೆಯದೆಂಬ ನೆಚ್ಚಿಕೆಯಲ್ಲಿ ಬದುಕುವವರು ಹೆಚ್ಚು. ಅವರ ಒಳ್ಳೆಯತನವೂ ಸುಳ್ಳಲ್ಲ. ಆದರೆ ಅಪರೂಪಕ್ಕೆ, ಅದೂ ಬಹಳ ತಡವಾಗಿ, ಒಬ್ಬಾತ ತನ್ನ ಕೈಗಳ ಅಗತ್ಯವನ್ನು ತನ್ನ ಕೈಗಳಿಂದಲೇ ಇಲ್ಲವಾಗಿಸಿ, ಆ ಖಾಲಿತನದಲ್ಲಿ ದಿನಗಳನ್ನು ಕಳೆಯಲು ಒಪ್ಪುತ್ತಾನೆ. ಅಂಥವರಿಗೆ ಧನ್ಯವಾದ ಹೇಳಲು ಹೋದರೆ ಕಕ್ಕಾಬಿಕ್ಕಿಯಾಗುತ್ತಾರೆ. ಅವರಿಂದಾಗಿ ಕಡಲಿಗೆ ಹೋದವರು ತಮ್ಮ ಹೊತ್ತಿಗೆ, ತಮ್ಮ ಪಾಡಿಗೆ, ಯಾರನ್ನೂ ನೆನೆಯದೆ ಮನೆ ಸೇರುತ್ತಾರೆ. ಆ ಮರೆವೇ ಅವರಿಗೆ ಸಲ್ಲುವ ದೊಡ್ಡ ಕೃತಜ್ಞತೆ; ಅದನ್ನೂ ಅವರು ಬೇಡಿದವರಲ್ಲ.